ಕರಾರಿನ ಹಾಲು, ಅಳತೆಯ ಕೋಲು
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಸಾಹಿತ್ಯದ ಮಾತನ್ನು ನಿರೀಕ್ಷಿಸಿ ಬಂದವರು ಈ ಸಂಜೆ ನಮ್ಮನ್ನು ಮನ್ನಿಸಬೇಕು. ನಾವು ಆಡಹೊರಟಿರುವುದು ಹಾಲಿನ ಕ್ಯಾನು ಮತ್ತು ಕರಾರುಪತ್ರದ ಮಾತು. ನಮ್ಮಲ್ಲಿ ಕೆಲವರು ಖರೀದಿ ವಿಭಾಗದ ಗುಮಾಸ್ತರು. ಕೆಲವರು ಸರಬರಾಜುದಾರರ ಬಳಿ ದುಡಿಯುವವರು. ಮಿಕ್ಕವರು ಬಂದದ್ದನ್ನು ಕ್ಯಾಂಟೀನಿನಲ್ಲಿ ಉಣ್ಣುವವರು. ಆದ್ದರಿಂದ ವಿಷಯ ಯಾರಿಗೂ ಹೊರಗಿನದಲ್ಲ.

ಕೆಲವು ವರ್ಷಗಳ ಹಿಂದೆ ಮುಂಬಯಿಯ ಒಂದು ಕಾರ್ಖಾನೆಯ ಕ್ಯಾಂಟೀನ್ ಸಮಿತಿಯಲ್ಲಿ ನಾವಿದ್ದೆವು. ಹಾಲಿನ ಕರಾರಿನಲ್ಲಿ "ಉತ್ತಮ ಹಾಲನ್ನು ಬೆಳಗಿನ ಹೊತ್ತು ತಪ್ಪದೆ ಒದಗಿಸತಕ್ಕದ್ದು" ಎಂದಷ್ಟೇ ಬರೆದಿತ್ತು. ಏಳು ಗಂಟೆಗೆ ರಾತ್ರಿಪಾಳಿಯವರು ಹೊರಬೀಳುವರು, ಹಗಲುಪಾಳಿಯವರು ಒಳಬರುವರು. ಹಾಲು ಏಳೂಕಾಲಿಗೆ ಬರುವುದು. ಕೇಳಿದರೆ ಸರಬರಾಜುದಾರ, "ಏಳೂಕಾಲೂ ಬೆಳಗಿನ ಹೊತ್ತೇ ಅಲ್ಲವೇ?" ಎನ್ನುವನು. ಅವನ ಮಾತು ಸುಳ್ಳಲ್ಲ. ನಮ್ಮ ಕರಾರು ಸಡಿಲವಾಗಿತ್ತು.

ಮರುವರ್ಷ "ಆರೂವರೆಯೊಳಗೆ, ತಪ್ಪಿದರೆ ದಂಡ" ಎಂದು ಬರೆದೆವು. ಹಾಲು ಆರೂವರೆಗೆ ಬಂತು, ಆದರೆ ನೀರಾಗಿ ಬಂತು. ಲ್ಯಾಕ್ಟೋಮೀಟರ್ ತಂದು ಇಳಿಬಿಟ್ಟೆವು. ಕೆಲವು ದಿನ ಸರಿಹೋಯಿತು. ಆಮೇಲೆ ಗೆರೆ ಸರಿಯಾಗಿಯೇ ತೋರಿದರೂ ಚಹಕ್ಕೆ ರುಚಿಯಿಲ್ಲ, ಕಾಸಿದರೆ ಕೆನೆ ಕಟ್ಟದು. ಕಾರಣ ತಿಳಿಯಲು ತಡವಾಯಿತು. ಕೆನೆ ಹಗುರ, ಅದನ್ನು ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಆಗ ನೀರು ಬೆರೆಸಿ ಸಾಂದ್ರತೆಯನ್ನು ಮೊದಲಿನ ಗೆರೆಗೆ ತಂದು ನಿಲ್ಲಿಸಬಹುದು. ಕೆನೆಗೆ ಒಂದು ಲಾಭ, ನೀರಿಗೆ ಇನ್ನೊಂದು ಲಾಭ. ಲ್ಯಾಕ್ಟೋಮೀಟರ್ ಮಾತ್ರ "ಎಲ್ಲ ಸರಿ" ಎನ್ನುತ್ತದೆ. ಒಂದೇ ಅಳತೆಯನ್ನು ನಂಬಿದವನಿಗೆ ಆ ಅಳತೆಯೇ ಮೋಸದ ಬಾಗಿಲಾಗುತ್ತದೆಂಬ ಪಾಠವನ್ನು ನಾವು ಹೀಗೆ ಕಲಿತೆವು.

ಈ ಪಾಠ ಹೊಸದೇನಲ್ಲ. ಹಿಂದೆ ಅಮೆರಿಕದಲ್ಲಿಯೂ ಹಾಲಿಗೆ ತೂಕದ ಮೇಲೆ ಹಣ ಕೊಡುತ್ತಿದ್ದರು. ನೀರು ಬೆರೆಸಿದವನಿಗೂ ಗಟ್ಟಿಹಾಲು ತಂದವನಿಗೂ ಒಂದೇ ದರ. 1890ರಲ್ಲಿ ವಿಸ್ಕಾನ್ಸಿನ್‌ನ ಸ್ಟೀಫನ್ ಬ್ಯಾಬ್ಕಾಕ್ ಎಂಬ ರಸಾಯನಶಾಸ್ತ್ರಜ್ಞರು ಹಾಲಿನ ಕೊಬ್ಬನ್ನು ಸುಲಭವಾಗಿ ಅಳೆಯುವ ವಿಧಾನವನ್ನು ಕಂಡುಹಿಡಿದು, ಅದಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಪ್ರಾಮಾಣಿಕನಿಗೆ ತಕ್ಕ ಬೆಲೆ ಸಿಗುವ ದಾರಿ ತೆರೆಯಿತು. ನಮ್ಮ ಊರುಗಳ ಡೈರಿಯ ಮುಂದೆ ಹಾಲು ಹಿಡಿದು ನಿಂತವರಿಗೆ "ಡಿಗ್ರಿ ಎಷ್ಟು, ಫ್ಯಾಟ್ ಎಷ್ಟು" ಎಂಬ ಪ್ರಶ್ನೆ ಗೊತ್ತೇ ಇದೆ. ಟೋನ್ಡ್ ಹಾಲಿಗೆ ಕಾನೂನು ಇಟ್ಟಿರುವ ಮಟ್ಟವೂ ಎರಡು ಅಂಕೆಯದು: ಕೊಬ್ಬು ಕನಿಷ್ಠ ಶೇಕಡಾ 3, ಕೊಬ್ಬಲ್ಲದ ಘನಾಂಶ ಕನಿಷ್ಠ ಶೇಕಡಾ 8.5. ಒಂದು ಅಂಕೆ ಇನ್ನೊಂದನ್ನು ಕಾಯುತ್ತದೆ.

ಇಷ್ಟಾದ ಮೇಲೆ ನಾವು ಮೂರನೆಯ ಕರಾರನ್ನು ಬರೆದೆವು. ಅಳತೆಗಳು ನಾಲ್ಕೇ: ವೇಳೆ, ಪ್ರಮಾಣ, ಗುಣ, ಕೆಟ್ಟದ್ದನ್ನು ಬದಲಿಸಿ ಕೊಡಲು ತಗಲುವ ಸಮಯ. ನಲವತ್ತು ಷರತ್ತು ಬರೆದರೆ ಒಂದನ್ನೂ ಯಾರೂ ನೋಡುವುದಿಲ್ಲ. ಹಾಲಿನ ಮಾದರಿಯನ್ನು ಇಬ್ಬರ ಎದುರಿನಲ್ಲಿ ತೆಗೆದು, ಪುಸ್ತಕದಲ್ಲಿ ಬರೆದು, ಇಬ್ಬರೂ ರುಜು ಹಾಕಬೇಕು. ಅಳೆಯುವವರು ಯಾರು, ಯಾವ ಉಪಕರಣದಿಂದ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಸರಾಸರಿಯ ವಿಷಯದಲ್ಲಿಯೂ ಎಚ್ಚರ ಬೇಕು. ಮೂವತ್ತು ದಿನಗಳಲ್ಲಿ ಇಪ್ಪತ್ತೇಳು ದಿನ ವೇಳೆಗೆ ಬಂದರೆ ಶೇಕಡಾ 90. ಕಾಗದದಲ್ಲಿ ನೋಡಲು ಚೆನ್ನಾಗಿದೆ. ತಪ್ಪಿದ ಮೂರು ದಿನ ಒಂದರ ಹಿಂದೊಂದು ಬಂದರೆ ಪಾಳಿಯವರು ಮೂರು ದಿನ ಚಹವಿಲ್ಲದೆ ಮಿಷನ್ನಿನ ಮುಂದೆ ನಿಲ್ಲಬೇಕು. ಆದ್ದರಿಂದ "ಸತತ ಎರಡು ದಿನ ತಪ್ಪಕೂಡದು" ಎಂಬುದನ್ನೂ ಸೇರಿಸಿದೆವು.

ಸರಬರಾಜುದಾರನ ಕೈಮೀರಿದ್ದಕ್ಕೆ ಅವನನ್ನು ಹೊಣೆ ಮಾಡುವುದು ನ್ಯಾಯವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಮುಂಬಯಿಯವರು ಮರೆತಿಲ್ಲ. ಅಂಥ ದಿನ ಹಾಲು ಬಾರದ್ದಕ್ಕೆ ದಂಡ ಹಾಕುವುದು ಅಳತೆಯಲ್ಲ, ದಬ್ಬಾಳಿಕೆ. ದಂಡಕ್ಕೂ ಮಿತಿಯಿದೆ. 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿದ್ದರೂ ಸಿಗುವುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರ ಮಾತ್ರ.

ನಮ್ಮನ್ನೂ ಅಳೆಯುವ ಕೋಲೊಂದಿರಬೇಕು. 2006ರ ಸಣ್ಣ ಉದ್ದಿಮೆಗಳ ಕಾನೂನಿನಂತೆ ಸಣ್ಣ ಸರಬರಾಜುದಾರನ ಹಣವನ್ನು 45 ದಿನಗಳಾಚೆ ತಡೆಯುವಂತಿಲ್ಲ. ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲನ್ನು ಮೇಜಿನ ಮೇಲೆ ಮಲಗಿಸಿ ಹಾಲು ಗಟ್ಟಿಯಾಗಿರಲಿ ಎನ್ನುವ ಬಾಯಿ ನಮಗಿರಬಾರದು.

ಕೊನೆಯದಾಗಿ ಒಂದು ಪ್ರಸಂಗ. ದಂಡದ ಕರಾರು ಜಾರಿಯಾದ ಕೆಲವು ತಿಂಗಳಿಗೆ ಕ್ಯಾನು ಹೊತ್ತು ತರುತ್ತಿದ್ದ ಹುಡುಗ ನಮ್ಮ ಕನ್ನಡ ಕೇಳಿ ಬಾಗಿಲ ಬಳಿ ನಿಂತ. ವಿಜಯಪುರದ ಕಡೆಯವನು. "ಅಣ್ಣಾರ, ನೀವು ಹಾಕಿದ ದಂಡಾ ನನ್ನ ಪಗಾರದಾಗ ಮುರಕೊಳ್ಳಾಕತ್ತಾರ್ರಿ" ಎಂದ. ವಿಚಾರಿಸಿದರೆ, ಟೆಂಪೋ ತಡವಾಗಿ ಹೊರಡುತ್ತಿದ್ದುದು ಮಾಲೀಕ ಹೆಚ್ಚು ಗಿರಾಕಿಗಳನ್ನು ಒಪ್ಪಿಕೊಂಡದ್ದರಿಂದ. ತಪ್ಪು ಒಬ್ಬನದು, ಹಸಿವು ಇನ್ನೊಬ್ಬನದು. ನಾವು ಹೆಮ್ಮೆಯಿಂದ ಬರೆದ ಷರತ್ತು ನಮ್ಮವನದೇ ತಟ್ಟೆಗೆ ಕೈಹಾಕಿತ್ತು. ಅಂದು ನಮಗಾದ ನಾಚಿಕೆ ಇನ್ನೂ ಹೋಗಿಲ್ಲ. ಮೂರನೆಯ ಕರಾರಿನಲ್ಲಿ ಐದನೆಯ ಸಾಲೊಂದು ಸೇರಿತು: ದಂಡವನ್ನು ಕೆಲಸಗಾರನ ಸಂಬಳದಿಂದ ಹಿಡಿಯಕೂಡದು, ಹಿಡಿದರೆ ಅದೂ ಕರಾರಿನ ಭಂಗ. ಸಂಬಳದ ಪಟ್ಟಿಯನ್ನು ತಿಂಗಳಿಗೊಮ್ಮೆ ತೋರಿಸತಕ್ಕದ್ದು.

ಬಂಧುಗಳೇ, ನಾಳೆ ನಿಮ್ಮ ಮೇಜಿಗೆ ಕರಾರಿನ ಕರಡು ಬಂದಾಗ "ಉತ್ತಮ", "ಸಕಾಲ", "ತೃಪ್ತಿಕರ" ಎಂಬ ಮಾತುಗಳ ಕೆಳಗೆ ಗೆರೆ ಎಳೆಯಿರಿ. ಎಷ್ಟು, ಎಷ್ಟು ಹೊತ್ತಿಗೆ, ಅಳೆಯುವವರು ಯಾರು, ತಪ್ಪಿದರೆ ಭಾರ ಯಾರ ಹೆಗಲಿಗೆ ಎಂದು ಕೇಳಿರಿ. ಈ ಕೊನೆಯ ಪ್ರಶ್ನೆಯನ್ನು ನಾವು ತಡವಾಗಿ ಕೇಳಿದೆವು. ನೀವು ಮೊದಲೇ ಕೇಳಿರಿ.