ಅಳೆಯದ ಅಂತರ

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಎರಡು ಬಿದಿರುಗಳ ಲೆಕ್ಕವೊಂದಿದೆ. ಒಂದರ ಎತ್ತರ 15 ಮೊಳ, ಇನ್ನೊಂದರದು 10. ಒಂದೊಂದರ ತುದಿಯಿಂದ ಮತ್ತೊಂದರ ಬುಡಕ್ಕೆ ದಾರ ಕಟ್ಟಿದರೆ, ದಾರಗಳು ಸಂಧಿಸುವ ಎಡೆ ನೆಲದಿಂದ ಎಷ್ಟು ಎತ್ತರ?

ಮೈಸೂರಿನ ಅಗ್ರಹಾರದ ನಮ್ಮ ಮನೆಯ ಜಗಲಿಯಲ್ಲಿ ತಂದೆಯವರು ಇದನ್ನು ಕೇಳಿದಾಗ, ಬಿದಿರುಗಳ ನಡುವಣ ಅಂತರವನ್ನೇ ಹೇಳದ ಲೆಕ್ಕ ತಪ್ಪೆಂದು ವಾದಿಸಿ ಎದ್ದುಹೋದೆ. ಆ ವಯಸ್ಸಿನ ಜಾಣತನ!

ಅವರು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, ಮಗಳಿಗೆ ಪಾಠ ಹೇಳುವಾಗ ಬಿಡಿಸಿ ನೋಡಿದೆ. ಎರಡು ಲಂಬಕೋನ ತ್ರಿಭುಜಗಳಿಗೂ ನೆಲವೇ ಸಮಾನ ಭುಜ. ಸದೃಶ ತ್ರಿಭುಜಗಳ ಅನುಪಾತಗಳನ್ನು ಬರೆದು ಕೂಡಿಸಿದೊಡನೆ ಆ ಭುಜ ತಾನಾಗಿ ಕಳಚಿಹೋಯಿತು. ಎತ್ತರಗಳ ಗುಣಲಬ್ಧ 150, ಮೊತ್ತ 25, ಭಾಗಿಸಿದರೆ 6 ಮೊಳ. ಬಿದಿರುಗಳು ಹತ್ತಿರವಿರಲಿ, ದೂರವಿರಲಿ, ಆರೇ.

ಅಂದು ಎದ್ದುಹೋಗದಿದ್ದರೆ ಇದನ್ನು ತಂದೆಯವರೇ ತೋರಿಸುತ್ತಿದ್ದರು.