ಹರಿವಿನ ಲೆಕ್ಕ ಬಯಲಲ್ಲಿರಲಿ

(ನಂಜನಗೂಡಿನಲ್ಲಿ ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇಂಟರ್‌ನೆಟ್ಟಿನ ಅಂಕಿಅಂಶಗಳ ಬಗ್ಗೆ ಮಾತನಾಡುತ್ತೇನೆ ಎಂದೊಡನೆ ಹಿಂದಿನ ಸಾಲಿನ ಕೆಲವರು ಚಪ್ಪಲಿ ಹುಡುಕತೊಡಗಿದ್ದು ನನಗೆ ಕಾಣುತ್ತಿದೆ. ಸ್ವಲ್ಪ ಕುಳಿತುಕೊಳ್ಳಿ. ತಕ್ಕಡಿ ಯಾರ ಕೈಯಲ್ಲಿದೆ, ಅದರ ಮುಳ್ಳು ಯಾರ ಕಣ್ಣಿಗೆ ಕಾಣುತ್ತದೆ ಎಂಬ ಹಳೆಯ ಪ್ರಶ್ನೆಯೇ ಇದು. ತಕ್ಕಡಿಯ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ?

ನದಿಯಿಂದಲೇ ಆರಂಭಿಸುತ್ತೇನೆ. ಈ ಊರಿನ ಮಗ್ಗುಲಲ್ಲಿ ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ ಕೇಂದ್ರ ಜಲ ಆಯೋಗದ ಅಳತೆ ಕೇಂದ್ರವೊಂದಿದೆ. ಕಪಿಲೆಯಲ್ಲಿ ಎಷ್ಟು ನೀರು ಹೋಯಿತು ಎಂಬುದನ್ನು ಅದು ಬರೆದಿಡುತ್ತದೆ. ಇನ್ನೂ ಕೆಳಗೆ, ತಮಿಳುನಾಡಿನ ಗಡಿಯಲ್ಲಿ, ಬಿಳಿಗುಂಡ್ಲುವಿನಲ್ಲಿ ಇನ್ನೊಂದು ಕೇಂದ್ರವಿದೆ. ೨೦೧೮ರ ಫೆಬ್ರವರಿ ೧೬ರಂದು ಸುಪ್ರೀಂ ಕೋರ್ಟು, ಕರ್ನಾಟಕವು ವರ್ಷಕ್ಕೆ ೧೭೭.೨೫ ಟಿ.ಎಂ.ಸಿ. ನೀರು ಬಿಡಬೇಕೆಂದು ತೀರ್ಪು ಕೊಟ್ಟಾಗ ಆ ನೀರನ್ನು ಅಳೆಯಬೇಕಾದ ಜಾಗವೆಂದು ಗೊತ್ತುಮಾಡಿದ್ದೂ ಬಿಳಿಗುಂಡ್ಲುವನ್ನೇ. ತೀರ್ಪಿನ ವಿಷಯದಲ್ಲಿ ನಮಗೆ ಎಷ್ಟೇ ಅಸಮಾಧಾನವಿರಲಿ, ಅಳತೆಯೇ ಬೇಡ ಎನ್ನುವ ರೈತನನ್ನು ನಾನು ಈವರೆಗೆ ಕಂಡಿಲ್ಲ. ಎರಡು ಕಡೆಯವರಿಗೂ ಕಾಣುವಂಥ ಒಂದು ಅಂಕೆ ಇಲ್ಲದೆ ಹೋದರೆ ಜಗಳಕ್ಕೂ ಆಧಾರವಿರುವುದಿಲ್ಲ, ರಾಜಿಗೂ ಆಧಾರವಿರುವುದಿಲ್ಲ.

ಇಂಟರ್‌ನೆಟ್ಟಿಗೂ ಇಂಥ ಸಂಗಮಗಳಿವೆ. ನಿಮ್ಮ ಅಂಗಡಿಗೆ ಒಂದು ಕಂಪನಿಯ ಸಂಪರ್ಕ, ನರಸೀಪುರದಲ್ಲಿರುವ ನಿಮ್ಮ ಅಕ್ಕಿ ಗಿರಣಿಯವರಿಗೆ ಇನ್ನೊಂದು ಕಂಪನಿಯ ಸಂಪರ್ಕ ಎಂದಿಟ್ಟುಕೊಳ್ಳಿ. ನಡುವಿನ ರಸ್ತೆ ಸುಮಾರು ಮೂವತ್ತು ಕಿಲೋಮೀಟರು, ಅಷ್ಟೆ. ಆದರೆ ಎರಡು ಕಂಪನಿಗಳ ತಂತಿಗಳು ಎಲ್ಲಾದರೂ ಒಂದು ಕಡೆ ಕೂಡಿದರೆ ತಾನೆ ನಿಮ್ಮ ಮಾತು ಅವರಿಗೆ ತಲುಪುವುದು? ಹಾಗೆ ಹಲವಾರು ಜಾಲಗಳು ಬಂದು ಒಂದೇ ಮನೆಯಲ್ಲಿ ಕೂಡಿ, ತಂತಮ್ಮ ಸರಕನ್ನು ನೇರವಾಗಿ ಬದಲಾಯಿಸಿಕೊಳ್ಳುವ ಜಾಗಕ್ಕೆ ಇಂಟರ್‌ನೆಟ್ ವಿನಿಮಯ ಕೇಂದ್ರವೆಂದು ಹೆಸರು. ಸಂತೆಮಾಳ ಇದ್ದ ಹಾಗೆ. ಮಾಳದವರು ಸರಕು ಮಾರುವುದಿಲ್ಲ, ಕೊಳ್ಳುವುದಿಲ್ಲ. ಜಾಗ ಕೊಡುತ್ತಾರೆ, ಜಾಗಕ್ಕೆ ಬಾಡಿಗೆ ತೆಗೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಸಾರ್ವಜನಿಕವಾದ ಇಂಥ ಸಂತೆಮಾಳ ಹುಟ್ಟಿದ್ದು ೨೦೦೩ರಲ್ಲಿ. ಭಾರತದ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರ, ಚಿಕ್ಕದಾಗಿ ನಿಕ್ಸಿ, ಲಾಭಕ್ಕಾಗಿ ಅಲ್ಲದ ಸಂಸ್ಥೆಯಾಗಿ ಆ ವರ್ಷದ ಜೂನ್ ೧೯ರಂದು ನೋಂದಣಿಯಾಯಿತು. ಮೊದಲು ನೋಯ್ಡಾ, ಮುಂಬಯಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು ಆಮೇಲೆ. ಅದಕ್ಕೆ ಮುಂಚೆ ಒಂದು ಭಾರತೀಯ ಕಂಪನಿಯ ಗಿರಾಕಿ ಇನ್ನೊಂದು ಭಾರತೀಯ ಕಂಪನಿಯ ಗಿರಾಕಿಗೆ ಕಳುಹಿಸಿದ ಕಾಗದ ಎಷ್ಟೋ ಸಲ ಸಮುದ್ರದಾಚೆಗೆ ಹೋಗಿ, ವಿದೇಶೀ ಕಂಪನಿಗೆ ಡಾಲರಿನಲ್ಲಿ ಸುಂಕ ಕಟ್ಟಿ ವಾಪಸು ಬರುತ್ತಿತ್ತು. ಮೈಸೂರಿನಿಂದ ನಂಜನಗೂಡಿಗೆ ಬರಲು ಸಿಂಗಪುರದ ಹಡಗು ಹತ್ತಿದ ಹಾಗೆ! ನಗಬೇಡಿ. ಇಂಗ್ಲೆಂಡಿನ ಗತಿಯೂ ಅದೇ ಆಗಿತ್ತು. ಅವರ ಕಂಪನಿಗಳು ೧೯೯೪ರಲ್ಲಿ ಲಂಡನ್ನಿನಲ್ಲಿ ಕೂಡುವ ತನಕ ಲಂಡನ್ನಿನ ಮಾತು ಲಂಡನ್ನಿಗೆ ಅಮೆರಿಕದ ಮೂಲಕ ಬರುತ್ತಿತ್ತು.

ಈಗ ಲೆಕ್ಕದ ಮಾತಿಗೆ ಬರೋಣ. ಲಂಡನ್, ಆಮ್‌ಸ್ಟರ್‌ಡ್ಯಾಮ್, ಫ್ರಾಂಕ್‌ಫರ್ಟಿನ ದೊಡ್ಡ ವಿನಿಮಯ ಕೇಂದ್ರಗಳು ತಮ್ಮಲ್ಲಿ ಗಳಿಗೆ ಗಳಿಗೆಗೂ ಎಷ್ಟು ಹರಿವು ನಡೆಯಿತು ಎಂಬುದನ್ನು ತಮ್ಮ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡುವಂತೆ ನಕ್ಷೆ ಬರೆದು ತೂಗುಹಾಕುತ್ತವೆ. ನಿಕ್ಸಿಯೂ ತನ್ನ ಒಂದೊಂದು ಕೇಂದ್ರದ ನಕ್ಷೆಯನ್ನು ಹೀಗೆ ಪ್ರಕಟಿಸುತ್ತ ಬಂದಿದೆ. ಅದನ್ನು ಅಳೆಯುವ ಕ್ರಮವನ್ನು ನೂಲಿನ ಗಿರಣಿಯವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ರಿಂಗ್ ಫ್ರೇಮಿನ ತುದಿಯಲ್ಲಿ ಹ್ಯಾಂಕ್ ಮೀಟರು ಇರುತ್ತದಲ್ಲ, ೮೪೦ ಗಜ ನೂಲಿಗೆ ಒಂದು ಹ್ಯಾಂಕಿನಂತೆ ತಿರುಗುತ್ತ ಹೋಗುವುದು? ಪಾಳಿ ಹಿಡಿಯುವಾಗ ಒಂದು ಅಂಕೆ, ಬಿಡುವಾಗ ಒಂದು ಅಂಕೆ; ಕಳೆದರೆ ನಿಮ್ಮ ದುಡಿಮೆ. ವಿನಿಮಯ ಕೇಂದ್ರದಲ್ಲಿ ಪ್ರತಿಯೊಂದು ಕಂಪನಿಯ ತಂತಿ ಬಂದು ಸೇರುವ ಕಂಡಿಗೂ ಇಂಥದೇ ಎರಡು ಮೀಟರು: ಒಳಗೆ ಬಂದದ್ದಕ್ಕೆ ಒಂದು, ಹೊರಗೆ ಹೋದದ್ದಕ್ಕೆ ಒಂದು. ಐದು ನಿಮಿಷಕ್ಕೊಮ್ಮೆ ಯಂತ್ರವೇ ಅದನ್ನು ಓದಿ, ಹಿಂದಿನ ಅಂಕೆ ಕಳೆದು, ಗೆರೆ ಎಳೆಯುತ್ತದೆ. ಟೋಬಿಯಾಸ್ ಓಟಿಕರ್ ಎಂಬಾತ ೧೯೯೫ರಲ್ಲಿ ಇದಕ್ಕೆಂದು ಎಂ.ಆರ್.ಟಿ.ಜಿ. ಎಂಬ ಒಂದು ಸಾಧನವನ್ನು ಬರೆದು ಜಗತ್ತಿಗೆ ಉಚಿತವಾಗಿ ಕೊಟ್ಟ. ಹಸಿರು ಬಣ್ಣದ ಗುಡ್ಡ, ಅದರ ಮೇಲೆ ನೀಲಿ ಗೆರೆ. ಆ ಚಿತ್ರ ಇಂದಿಗೂ ಎಲ್ಲ ಕಡೆ ಕಾಣುತ್ತದೆ.

ಹ್ಯಾಂಕ್ ಮೀಟರಿನ ತಂಟೆಗಳೆಲ್ಲ ಇಲ್ಲಿಯೂ ಇವೆ. ಮೀಟರು ಕೊನೆಯ ಅಂಕೆ ಮುಟ್ಟಿದರೆ ಸೊನ್ನೆಗೆ ಬರುತ್ತದೆ. ಹಳೆಯ ಬಗೆಯ ಮೀಟರು ಸುಮಾರು ೪೨೯ ಕೋಟಿಯ ತನಕ ಎಣಿಸಿ ತಿರುಗುತ್ತಿತ್ತು. ಸಣ್ಣ ತಂತಿಯಲ್ಲಿ, ಸೆಕೆಂಡಿಗೆ ೧೦೦ ಮೆಗಾಬಿಟ್ ಹರಿದರೆ, ಅದು ಸೊನ್ನೆಗೆ ಬರಲು ೫ ನಿಮಿಷ ೪೩ ಸೆಕೆಂಡು ಹಿಡಿಯುತ್ತದೆ. ಅದರ ಹತ್ತರಷ್ಟು ಹರಿದರೆ ೩೪ ಸೆಕೆಂಡೇ ಸಾಕು. ಐದು ನಿಮಿಷಕ್ಕೊಮ್ಮೆ ಓದುವವನಿಗೆ ಅದು ನಡುವೆ ಎಷ್ಟು ಸುತ್ತು ಹೊಡೆಯಿತೆಂಬುದು ಗೊತ್ತೇ ಆಗುವುದಿಲ್ಲ. ಪಾಳಿಯ ಅರ್ಧ ನೂಲು ಲೆಕ್ಕದಿಂದ ಮಾಯವಾದಂತೆ. ಆದ್ದರಿಂದ ದೊಡ್ಡ ತಂತಿಗೆ ದೊಡ್ಡ ಮೀಟರು ಬೇಕು. ಯಾವ ಮೀಟರು, ಎಷ್ಟು ಹೊತ್ತಿಗೊಮ್ಮೆ ಓದಿದ್ದು ಎಂಬುದನ್ನು ನಕ್ಷೆಯ ಕೆಳಗೆ ಬರೆಯದ ಸಂಸ್ಥೆಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಸರಾಸರಿಯದು ಇದಕ್ಕಿಂತ ದೊಡ್ಡ ಮೋಸ. ಎಂ.ಆರ್.ಟಿ.ಜಿ. ದಿನದ ನಕ್ಷೆಯಲ್ಲಿ ಐದು ನಿಮಿಷದ ಸರಾಸರಿ ತೋರಿಸುತ್ತದೆ, ವಾರದ್ದರಲ್ಲಿ ಅರ್ಧ ಗಂಟೆಯದು, ತಿಂಗಳಿನದರಲ್ಲಿ ಎರಡು ಗಂಟೆಯದು, ವರ್ಷದ್ದರಲ್ಲಿ ಇಡೀ ದಿನದ್ದು. ನಂಜುಂಡೇಶ್ವರನ ಗುಡಿಗೆ ವರ್ಷದಲ್ಲಿ ಬಂದವರನ್ನೆಲ್ಲ ಕೂಡಿಸಿ ೩೬೫ರಿಂದ ಭಾಗಿಸಿ, "ದಿನಕ್ಕೆ ಇಷ್ಟೇ ಜನ, ರಥಬೀದಿ ಧಾರಾಳವಾಗಿದೆ" ಎಂದು ಯಾರಾದರೂ ಹೇಳಿದರೆ ನೀವು ಏನನ್ನುತ್ತೀರಿ? ದೊಡ್ಡ ಜಾತ್ರೆಯ ದಿನ ಬಂದು ನಿಂತು ನೋಡು ಎನ್ನುತ್ತೀರಿ. ಜಾಲಕ್ಕೆ ದೊಡ್ಡ ಜಾತ್ರೆ ಪ್ರತಿ ದಿನವೂ ನಡೆಯುತ್ತದೆ, ರಾತ್ರಿ ಎಂಟರಿಂದ ಹನ್ನೊಂದರ ತನಕ. ವರ್ಷದ ನಕ್ಷೆಯಲ್ಲಿ ಆ ಮೂರು ಗಂಟೆಗಳು ಮಧ್ಯರಾತ್ರಿಯ ನಿದ್ರೆಯೊಡನೆ ಬೆರೆತು ಕಾಣದೆ ಹೋಗುತ್ತವೆ. ಅಂಗಡಿಯಲ್ಲಿ ಗಿರಾಕಿಗಳು ನಿಂತಿರುವಾಗ ಫೋನಿನ ಹಣ ಸಂದಾಯವಾಗದೆ ಚಕ್ರ ಸುತ್ತುವುದು ಆ ಹೊತ್ತಿನಲ್ಲೇ. ಏರಿದ ತುದಿ ಎಷ್ಟು ಎಂಬ ಅಂಕೆ ಇಲ್ಲದ ಸರಾಸರಿ, ಕೂಲಿಯ ಚೀಟಿ ಇಲ್ಲದ ಬಟವಾಡೆಗೆ ಸಮ.

ನಮ್ಮ ಲಾಭವೇನು ಎಂದು ಕೇಳುವಿರಿ. ನಿಮ್ಮ ಬೀದಿಗೆ ತಂತಿ ಎಳೆದಿರುವ ಸಣ್ಣ ಕೇಬಲಿನವನನ್ನು ನೆನೆಯಿರಿ. ಆತನೂ ಸಣ್ಣ ವರ್ತಕನೇ. ಸಗಟಾಗಿ ದೊಡ್ಡ ಕಂಪನಿಯಿಂದ ಇಂಟರ್‌ನೆಟ್ಟನ್ನು ಕೊಂಡು ಚಿಲ್ಲರೆಯಾಗಿ ಮಾರುತ್ತಾನೆ. ಅದೇ ದೊಡ್ಡ ಕಂಪನಿ ಎಷ್ಟೋ ಕಡೆ ಪಕ್ಕದ ಬೀದಿಯಲ್ಲಿ ಅವನ ಪ್ರತಿಸ್ಪರ್ಧಿಯೂ ಆಗಿರುತ್ತದೆ. ವಿನಿಮಯ ಕೇಂದ್ರಕ್ಕೆ ನೇರವಾಗಿ ಸೇರಿದರೆ ಸಗಟಿನ ಖರ್ಚು ಎಷ್ಟು ಉಳಿದೀತು? ಅಲ್ಲಿ ಯಾರು ಯಾರು ಬಂದಿದ್ದಾರೆ, ಎಷ್ಟು ಸರಕು ಕೈಬದಲಾಗುತ್ತಿದೆ, ಸಂತೆ ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಎಂಬುದು ತಿಳಿಯದೆ ಆತ ಬಾಡಿಗೆಗೆ ಹಣ ಸುರಿಯಬಲ್ಲನೆ? ದೊಡ್ಡವನಿಗೆ ಈ ವಿಷಯ ತಿಳಿಯಲು ನೂರು ದಾರಿಗಳಿವೆ. ಸಣ್ಣವನಿಗೆ ಗೋಡೆಯ ಮೇಲಿನ ನಕ್ಷೆಯೊಂದೇ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ದಿನದ ಧಾರಣೆಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದರಿಂದ ಉಪಯೋಗವಾಗುವುದು ನೂರು ಗೂಡೆ ತಂದವನಿಗಿಂತ ಎರಡು ಗೂಡೆ ತಂದವನಿಗೆ.

ಇನ್ನೊಂದು ಸಂಗತಿ. ನಿಕ್ಸಿಯಲ್ಲಿ ಬಹಳ ಕಾಲ ಒಂದು ಪದ್ಧತಿ ಇತ್ತು. ಕೊಟ್ಟದ್ದಕ್ಕಿಂತ ಹೆಚ್ಚು ಸರಕು ಎಳೆದುಕೊಂಡ ಕಂಪನಿ, ಹೆಚ್ಚು ಕೊಟ್ಟ ಕಂಪನಿಗೆ ವ್ಯತ್ಯಾಸದ ಹಣ ತೆರಬೇಕು. ಕೇಳಲು ನ್ಯಾಯವಾಗಿದೆ. ಆದರೆ ಮನೆಗಳಿಗೆ ತಂತಿ ಕೊಟ್ಟವನ ಗಿರಾಕಿಗಳು ಸಿನಿಮಾ ನೋಡುತ್ತಾರೆಯೇ ಹೊರತು ಸಿನಿಮಾ ಕಳುಹಿಸುವುದಿಲ್ಲ. ಹೀಗಾಗಿ ಊರುಕೇರಿಗೆ ಸೇವೆ ಮಾಡುವವನೇ ಸದಾ ಸಾಲಗಾರ. ಈ ಪದ್ಧತಿಯನ್ನು ೨೦೨೧ರಲ್ಲಿ ಕೈಬಿಟ್ಟರು. ಮೀಟರಿನ ಅಂಕೆಯೇ ಬಿಲ್ಲಾಗುವ ಕಡೆ ಮೀಟರನ್ನು ಮುಚ್ಚಿಡುವುದು ಸಲ್ಲದೆಂದು ಈ ಸಭೆಗೆ ಬಿಡಿಸಿ ಹೇಳಬೇಕೆ?

ಕೀನ್ಯಾ ದೇಶದ ಕಥೆ ಕೇಳಿ. ಅಲ್ಲಿನ ಸಣ್ಣ ಕಂಪನಿಗಳೆಲ್ಲ ಸೇರಿ ೨೦೦೦ದ ಕೊನೆಯಲ್ಲಿ ನೈರೋಬಿಯಲ್ಲಿ ಒಂದು ವಿನಿಮಯ ಕೇಂದ್ರ ತೆರೆದವು. ಏಕಸ್ವಾಮ್ಯ ಹೊಂದಿದ್ದ ಟೆಲಿಫೋನ್ ಕಂಪನಿ ದೂರು ಕೊಟ್ಟಿತು. ಕೆಲವೇ ದಿನಗಳಲ್ಲಿ ಸರ್ಕಾರದ ನಿಯಂತ್ರಣ ಸಂಸ್ಥೆ ಬಾಗಿಲು ಮುಚ್ಚಿಸಿತು. ಹೋರಾಡಿ ಪರವಾನಗಿ ಪಡೆದು ೨೦೦೨ರಲ್ಲಿ ಮತ್ತೆ ಆರಂಭಿಸಿದರು. ಹತ್ತು ವರ್ಷಗಳ ನಂತರ, ೨೦೧೨ರಲ್ಲಿ, ಇಂಟರ್‌ನೆಟ್ ಸೊಸೈಟಿ ಎಂಬ ಸಂಸ್ಥೆ ಲೆಕ್ಕ ಹಾಕಿ ತೋರಿಸಿತು: ದೇಶದೊಳಗಿನ ಮಾತು ತಲುಪಲು ಮುಂಚೆ ಸೆಕೆಂಡಿನ ಸಾವಿರ ಭಾಗದಲ್ಲಿ ೨೦೦ರಿಂದ ೬೦೦ ಭಾಗ ಹಿಡಿಯುತ್ತಿದ್ದುದು ೨ರಿಂದ ೧೦ಕ್ಕೆ ಇಳಿದಿದೆ, ಕಂಪನಿಗಳಿಗೆ ವರ್ಷಕ್ಕೆ ಸುಮಾರು ೧೫ ಲಕ್ಷ ಡಾಲರ್ ಉಳಿಯುತ್ತಿದೆ. ೨೦೨೦ರ ವರದಿಯಲ್ಲಿ ಉಳಿತಾಯ ೬೦ ಲಕ್ಷ ಡಾಲರಿಗೆ ಏರಿತ್ತು. ಏರುತುದಿಯ ಹರಿವು ಸೆಕೆಂಡಿಗೆ ೧ ಗಿಗಾಬಿಟ್ಟಿನಿಂದ ೧೯ಕ್ಕೆ ಮುಟ್ಟಿತ್ತು. ಹರಿವನ್ನು ಅಳೆದು ಬರೆದಿಟ್ಟಿರದಿದ್ದರೆ ಈ ಮಾತನ್ನು ಯಾವ ಮಂತ್ರಿಯ ಮುಂದೆ ಇಡಬಹುದಿತ್ತು?

ಎದುರು ವಾದಗಳೂ ಇವೆ. ವ್ಯಾಪಾರದ ಗುಟ್ಟು ಬಯಲಾಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಒಂದೊಂದು ಕಂಪನಿಯ ಕಂಡಿಯ ಅಂಕೆಯನ್ನು ಊರಿಗೆಲ್ಲ ಸಾರಿದರೆ ಮೊದಲು ಏಟು ಬೀಳುವುದು ಸಣ್ಣವನಿಗೇ. ಅವನ ಗಿರಾಕಿ ಎಷ್ಟು, ಯಾವಾಗ ಬಳಲುತ್ತಾನೆ ಎಂಬುದನ್ನು ದೊಡ್ಡವನು ಅಳೆದುಕೊಳ್ಳುತ್ತಾನೆ. ಬಿಡಿ ಕಂಡಿಯ ಲೆಕ್ಕ ಆ ಕಂಪನಿಗೆ ಮಾತ್ರ, ಕೇಂದ್ರದ ಒಟ್ಟು ಲೆಕ್ಕ ಎಲ್ಲರಿಗೂ ಎಂಬ ಕಟ್ಟುಪಾಡು ಹಲವು ಕಡೆ ಇದೆ, ಅದು ಸರಿಯೇ. ಪ್ರಜೆಗಳ ಗುಟ್ಟು ಹೊರಬೀಳುತ್ತದೆ ಎನ್ನುವವರಿಗೆ ಇಷ್ಟು ಸಾಕು: ಒಟ್ಟು ನಕ್ಷೆ ಎಷ್ಟು ನೀರು ಹೋಯಿತೆಂದು ಹೇಳುತ್ತದೆ, ಯಾರು ಸ್ನಾನ ಮಾಡಿದರೆಂದು ಹೇಳುವುದಿಲ್ಲ. ದೇಶದ ಭದ್ರತೆ ಎಂಬ ಮೂರನೆಯ ವಾದವನ್ನು ಲೆಕ್ಕ ಕೊಡಲು ಮನಸ್ಸಿಲ್ಲದವರೆಲ್ಲ ಎಲ್ಲ ಕಾಲದಲ್ಲೂ ಹೂಡಿದ್ದಾರೆ. ೨೦೨೦ರ ಮಾರ್ಚಿನಲ್ಲಿ ಜಗತ್ತೇ ಮನೆಯೊಳಗೆ ಕುಳಿತಾಗ ಜಾಲ ಕುಸಿಯುತ್ತದೆಂಬ ಗಾಬರಿ ಹಬ್ಬಿತ್ತು. ಫ್ರಾಂಕ್‌ಫರ್ಟಿನ ಕೇಂದ್ರದಲ್ಲಿ ಹರಿವು ಸೆಕೆಂಡಿಗೆ ೯ ಟೆರಾಬಿಟ್ ದಾಟಿತು. ದಾಟಿಯೂ ಜಾಲ ನಿಂತಿತೆಂಬುದನ್ನು ಜನ ನಕ್ಷೆಯಲ್ಲೇ ಕಂಡರು.

ನಕ್ಷೆಯನ್ನು ನೋಡಿದೊಡನೆ ಎಲ್ಲ ತಿಳಿಯಿತೆಂದೂ ಭಾವಿಸಬೇಡಿ. ಕೇಂದ್ರಕ್ಕೆ ಒಳಬಂದ ಸರಕೇ ಇನ್ನೊಂದು ಕಂಡಿಯಿಂದ ಹೊರಗೆ ಹೋಗುತ್ತದೆ; ಎರಡನ್ನೂ ಕೂಡಿಸಿ ದುಪ್ಪಟ್ಟು ತೋರಿಸುವ ಜಾಣರಿದ್ದಾರೆ. ದೊಡ್ಡ ದೊಡ್ಡ ಕಂಪನಿಗಳು ಸಂತೆಮಾಳಕ್ಕೆ ಬಾರದೆ ತಮ್ಮತಮ್ಮೊಳಗೇ ಖಾಸಗಿ ತಂತಿ ಎಳೆದುಕೊಳ್ಳುತ್ತವೆ, ಸಿನಿಮಾದ ಉಗ್ರಾಣವನ್ನು ಜಾಲದೊಳಗೇ ತಂದಿಡುತ್ತವೆ. ಆ ಹರಿವು ಯಾವ ಸಾರ್ವಜನಿಕ ನಕ್ಷೆಯಲ್ಲೂ ಇಲ್ಲ. ಗೆರೆ ಕೆಳಗಿಳಿಯಿತೆಂದರೆ ಜನ ಕಡಿಮೆ ಬಳಸಿದರೆಂದಲ್ಲ. ದೊಡ್ಡವನೊಬ್ಬ ಸಂತೆ ಬಿಟ್ಟು ಹಿತ್ತಲ ಬಾಗಿಲಿಗೆ ಹೋದದ್ದೂ ಇರಬಹುದು. ಬಯಲಿನಲ್ಲಿ ನಡೆಯುವುದರ ಲೆಕ್ಕ ಮಾತ್ರ ಬಯಲಾಗಿ, ಹಿತ್ತಲಿನದು ಕತ್ತಲಲ್ಲೇ ಉಳಿಯುವ ಈ ಸ್ಥಿತಿಯ ಬಗ್ಗೆ ನಮ್ಮ ಜನಪ್ರತಿನಿಧಿಗಳು ಬಾಯಿಬಿಟ್ಟದ್ದನ್ನು ನಾನಂತೂ ಕೇಳಿಲ್ಲ. ಫೋನಿನ ಹಣ ಸಂದಾಯದಲ್ಲಿ ಯಾವ ಬ್ಯಾಂಕಿನ ತಾಂತ್ರಿಕ ದೋಷದಿಂದ ಎಷ್ಟು ಪಾವತಿಗಳು ಬಿದ್ದುಹೋದವು ಎಂಬ ಶೇಕಡಾವಾರು ಲೆಕ್ಕವನ್ನು ರಾಷ್ಟ್ರೀಯ ಪಾವತಿ ನಿಗಮ ಬ್ಯಾಂಕುಗಳ ಹೆಸರು ಹಾಕಿ ತಿಂಗಳು ತಿಂಗಳು ಪ್ರಕಟಿಸುತ್ತದೆ. ಬ್ಯಾಂಕುಗಳು ಅದರಿಂದ ಮುಳುಗಿಲ್ಲ.

ಆದ್ದರಿಂದ ನಿಮ್ಮ ಬೀದಿಯ ಕೇಬಲಿನವನು ಈ ತಿಂಗಳ ಬಾಕಿಗೆ ಬಂದಾಗ ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು, ಮೂರು ಪ್ರಶ್ನೆ ಕೇಳಿ. ನಿನ್ನ ತಂತಿ ಯಾವ ವಿನಿಮಯ ಕೇಂದ್ರಕ್ಕಾದರೂ ಸೇರಿದೆಯೋ, ಎಲ್ಲವೂ ಒಬ್ಬ ದೊಡ್ಡವನ ಮೂಲಕವೇ ಬರುತ್ತದೆಯೋ? ನಿನ್ನ ತಂತಿಯ ಅಗಲವೆಷ್ಟು? ನಿನ್ನೆ ರಾತ್ರಿ ಒಂಬತ್ತು ಗಂಟೆಗೆ ಅದು ಎಷ್ಟು ತುಂಬಿತ್ತು? ಮೂರನೆಯದಕ್ಕೆ ಆತ ತಲೆ ಕೆರೆದುಕೊಂಡರೆ ಗದರಿಸಬೇಡಿ. ಮೇಲಿನವನು ಅವನಿಗೆ ಆ ನಕ್ಷೆಯನ್ನು ತೋರಿಸಿರದೆ ಇರುವುದೂ ಸಾಧ್ಯ. ಹಾಗಿದ್ದರೆ ಅದನ್ನು ಕೇಳಿ ಮೇಲಿನವನಿಗೆ ಅವನು ಬರೆಯುವ ಕಾಗದಕ್ಕೆ ನಿಮ್ಮ ಬೀದಿಯ ಅಂಗಡಿಯವರೆಲ್ಲ ಸಹಿ ಹಾಕಿರಿ.