ಕೀಲಿಕೈ ಕೊಡುವ ಮುನ್ನ

ಬೆಳಗಾವಿ ಜಿಲ್ಲೆಯ ಬೋರಗಾಂವದಲ್ಲಿ ಅಜ್ಜ ಕಟ್ಟಿದ ಮನೆಯನ್ನು ಮೊದಲ ಸಲ ಮಾರುವವರಿಗೆ ಬೆಲೆಯ ಮಾತಿಗಿಂತ ಕಾಗದವೇ ಹೆಚ್ಚು ದಿನ ಹಿಡಿಯುತ್ತದೆ. ಮೊದಲು ಅಳತೆ. ಉತಾರದ ಚಕ್ಕುಬಂದಿಗೂ ನೆಲದ ಮೇಲಿನ ಗೋಡೆಗೂ ಒಂದು ಮೊಳ ವ್ಯತ್ಯಾಸ ಬಂದರೂ ನೆರೆಯವರನ್ನು ಕರೆದು ಆಗಲೇ ಬಗೆಹರಿಸಿಕೊಳ್ಳಿ. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಸೀಮೆ ನಮ್ಮದು. ಹಾಗಾಗಿ ಹಳೆಯ ಪತ್ರ ಮರಾಠಿಯ ಮೋಡಿ ಲಿಪಿಯಲ್ಲಿದ್ದೀತು, ಓದಬಲ್ಲವರನ್ನು ಹುಡುಕಿ. ಪಟ್ಟಣ ಪಂಚಾಯಿತಿಯ ಇ-ಖಾತೆ, ಋಣಭಾರ ಪತ್ರ ಕೈಯಲ್ಲಿರಲಿ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಪಾಲು. ಮನೆ ಮಾರುವ ಮಾತು ಎತ್ತಿದ ದಿನವೇ ಅಕ್ಕತಂಗಿಯರನ್ನು ಕರೆಯಿರಿ. ಅವರೂ ಅದೇ ಅಂಗಳದಲ್ಲಿ ಬೆಳೆದವರು. ಸಂಚಕಾರ 20,000 ರೂಪಾಯಿ ಮುಟ್ಟಿದರೆ ನಗದು ಬೇಡ, ಬ್ಯಾಂಕಿನ ಮೂಲಕವೇ ಪಡೆಯಿರಿ. ಕರೆಂಟು, ನಳದ ಬಿಲ್ಲು ಚುಕ್ತಾ ಮಾಡಿ. ಸಾಮಾನು ಹೇರುವ ದಿನ ದೇವರ ಜಗಲಿಯನ್ನು ಕೊನೆಗೆ ತೆಗೆಯಿರಿ. ಅವ್ವ ಹೊಸ್ತಿಲ ಬಳಿ ಸ್ವಲ್ಪ ಹೊತ್ತು ನಿಂತರೆ ಟ್ರ್ಯಾಕ್ಟರ್ ಕಾಯಲಿ.